ನೀರು ಶುದ್ಧ ಮಾಡುವ ಎರಡು ಚರಿತ್ರೆಗಳು

ಸ್ವಲ್ಪ ಉದ್ದದ ಬರಹ. ಬಿಡುವಿದ್ದಾಗ ಓದಿ. ಕೊನೆಯಲ್ಲಿ ಕೆಲಸಕ್ಕೆ ಬರೋ ಮಾಹಿತಿ ಇದೆ, ಅದನ್ನಂತೂ ಬಿಡಬೇಡಿ.

ಹೋದ ತಿಂಗಳು ನಮ್ಮ ಹಾಸ್ಟೆಲ್ ಹುಡುಗರು ಏಳೆಂಟು ಜನ ಮುಳ್ಳಯ್ಯನಗಿರಿ ಕಡೆ ಚಾರಣಕ್ಕೆ ಹೊರಟಿದ್ದರು. ಕೇರಿಯಿಂದ ಬಂದ ಮಕ್ಕಳು ಸುಮ್ಮನೆ ಖುಷಿಗೆ ಅಂತ ಬೆಟ್ಟ ಹತ್ತೋದು ನೋಡಿದರೆ ನನಗೂ ಖುಷಿ. ನಮ್ಮ ಕಾಲದಲ್ಲಿ ಬೆಟ್ಟ ಅಂದರೆ ಸೌದೆ ತರೋ ಜಾಗ, ಅಷ್ಟೇ. ಅವರಲ್ಲಿ ಒಬ್ಬ ಫೋನ್ ಮಾಡಿ ಕೇಳಿದ: "ಅಣ್ಣಾ, ತಗೊಂಡು ಹೋದ ನೀರು ಖಾಲಿಯಾದ್ರೆ ತೊರೆ ನೀರು ಕುಡೀಬಹುದಾ? ಇಲ್ಲಾ ಏನಾದ್ರೂ ಮಾಡಿ ಕುಡೀಬೇಕಾ?"

ಕುದಿಸಿ ಕುಡೀರಿ ಅಂತ ಹೇಳಿ ಫೋನ್ ಇಟ್ಟೆ. ಆದರೆ ಆ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿ ಓಡುತ್ತಿತ್ತು. ಯಾಕಂದರೆ ದಾರಿಯಲ್ಲಿ ಕುಡಿಯೋ ನೀರಿಗೆ ಏನು ಮಾಡೋದು ಅನ್ನೋ ಪ್ರಶ್ನೆಯನ್ನ 1901ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನೂ ಎದುರಿಸಿದ್ದ. ಅವನ ಹೆಸರು ಭೀಮರಾವ್.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ನೆನಪಿನ ಬರಹದಲ್ಲಿ ಆ ಪ್ರಯಾಣವನ್ನ ದಾಖಲಿಸಿದ್ದಾರೆ. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನ ನೋಡೋಕೆ ಸಾತಾರಾದಿಂದ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ರೈಲು ಹತ್ತಿದರು. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮೇಲೆ ಜಾತಿ ಗೊತ್ತಾಗಿ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ಮಕ್ಕಳೇ ಹೊಡೆದುಕೊಂಡು ಹೋದರು. ಬುತ್ತಿ ಇತ್ತು, ನೀರಿರಲಿಲ್ಲ. ದಾರಿಯಲ್ಲಿ ಗಾಡಿಯವನು ತೋರಿಸಿದ ನೀರು ಕೆಸರು, ಅದರಲ್ಲಿ ದನಗಳ ಗಂಜಲ, ಸಗಣಿ. ವಾಸನೆಗೆ ಬಾಯಿಗಿಡೋಕಾಗಲಿಲ್ಲ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ, ಗಾಡಿಯವನು ಹೇಳಿಕೊಟ್ಟಂತೆ, ನಾವು ಮುಸ್ಲಿಮರು ಅಂತ ಹೇಳಿ ನೀರು ಕೇಳಿದರು. ನಿಮಗೋಸ್ಕರ ಇಲ್ಲಿ ಯಾರೂ ನೀರು ತುಂಬಿಟ್ಟಿಲ್ಲ, ಬೇಕಾದರೆ ಗುಡ್ಡಕ್ಕೆ ಹೋಗಿ ತಗೊಳ್ಳಿ ಅಂದನಂತೆ. ಬುತ್ತಿ ಮುಂದಿಟ್ಟುಕೊಂಡು ಮಕ್ಕಳು ಉಪವಾಸ ಮಲಗಿದರು.

ನಮ್ಮ ಹುಡುಗ ಕೇಳಿದ ಪ್ರಶ್ನೆ, ಈ ನೀರಿನಲ್ಲಿ ಏನಿದೆ ಅಂತ. ಆ ಹುಡುಗನಿಗೆ ಎದುರಾದ ಪ್ರಶ್ನೆ, ನೀನು ಯಾರು ಅಂತ. 'ನೀರು ಶುದ್ಧ' ಅನ್ನೋ ಒಂದೇ ಮಾತಿನೊಳಗೆ ಈ ಎರಡೂ ಪ್ರಶ್ನೆಗಳು ನಮ್ಮ ದೇಶದಲ್ಲಿ ಕಲಸಿ ಹೋಗಿವೆ. ಇವೆರಡನ್ನೂ ಬಿಡಿಸಿ ನೋಡೋಣ ಅಂತ ಈ ಬರಹ.

ಮೊದಲನೇ ಪ್ರಶ್ನೆಯ ಚರಿತ್ರೆ ಹಳೆಯದು. ಬಗ್ಗಡದ ನೀರನ್ನ ತಿಳಿ ಮಾಡೋಕೆ ನಮ್ಮ ಹಳ್ಳಿಗಳಲ್ಲಿ ಚಿಲ್ಲದ ಬೀಜವನ್ನ ಗಡಿಗೆಯ ಒಳಮೈಗೆ ಉಜ್ಜುತ್ತಿದ್ದರು. ಸಂಸ್ಕೃತದಲ್ಲಿ ಅದಕ್ಕೆ ಕತಕ ಅಂತಾರೆ. ನುಗ್ಗೆ ಬೀಜದ ಪುಡಿಯೂ, ಪಟಿಕವೂ ಅದೇ ಕೆಲಸ ಮಾಡುತ್ತವೆ. ನೀರಿನಲ್ಲಿ ತೇಲೋ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಕೂರುತ್ತವೆ. ತಮಾಷೆ ಏನು ಗೊತ್ತಾ? ಇದೇ ಕತಕದ ಪ್ರಸ್ತಾಪ ಮನುಸ್ಮೃತಿಯ ಆರನೇ ಅಧ್ಯಾಯದಲ್ಲೂ ಇದೆ. ಕಾಯಿಯ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗಲ್ಲ ಅನ್ನೋ ಅರ್ಥದ ಮಾತು ಅದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆದರೆ ತಿಳಿಯಾದ ನೀರೆಲ್ಲ ಕುಡಿಯೋ ನೀರಲ್ಲ ಅಂತ ಜಗತ್ತಿಗೆ ಕಲಿಸಿದ್ದು ಕಾಲರಾ. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಜನ ಸಾಲುಸಾಲಾಗಿ ಸಾಯ್ತಿದ್ದಾಗ, ಕೆಟ್ಟ ಗಾಳಿಯಿಂದ ರೋಗ ಬರ್ತದೆ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಜಾನ್ ಸ್ನೋ ಅನ್ನೋ ವೈದ್ಯ ಮನೆಮನೆ ತಿರುಗಿ, ಸತ್ತವರು ಯಾವ ನೀರು ಕುಡಿದಿದ್ದರು ಅಂತ ವಿಚಾರಿಸಿದ. ಬಹುತೇಕ ಎಲ್ಲವೂ ಬ್ರಾಡ್ ಸ್ಟ್ರೀಟ್‌ನ ಒಂದೇ ಪಂಪಿನ ಕಡೆ ಬೆರಳು ತೋರಿಸಿದವು. ಪಂಪಿನ ಹಿಡಿಕೆ ತೆಗೆಸಲಾಯಿತು. ಆಮೇಲೆ 1884ರಲ್ಲಿ ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಗೇ ಬಂದು, ಅಲ್ಲಿನ ಒಂದು ಕೊಳದ ನೀರಿನಲ್ಲಿ ಕಾಲರಾ ಜೀವಾಣುವನ್ನ ಕಂಡ. ಅಲ್ಪವಿರಾಮದ ಹಾಗೆ ಬಾಗಿರೋ ಜೀವಾಣು. ಅದಕ್ಕೆ ಜಾತಿ ಗೊತ್ತಿಲ್ಲ.

ಜೀವಾಣು ಅಂತ ಗೊತ್ತಾದ ಮೇಲೆ ಕೊಲ್ಲೋ ದಾರಿ ಹುಡುಕಿದರು. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾನ್ಕಿನ್ ಅನ್ನೋ ವಿಜ್ಞಾನಿ, ಕಾಲರಾ ಬಂದ ಕಡೆ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕೋ ಪದ್ಧತಿ ತಂದ. ಬಾವಿ ನೀರು ಗುಲಾಬಿ ಬಣ್ಣಕ್ಕೆ ತಿರುಗ್ತಿತ್ತು. ಅದು ಪೂರ್ತಿ ನೆಚ್ಚೋಕಾಗದ ವಿಧಾನ. ನಿಜವಾದ ಬದಲಾವಣೆ ತಂದಿದ್ದು ಕ್ಲೋರಿನ್. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯ್ಡ್ ಹಬ್ಬಿದಾಗ ನೀರಿಗೆ ಕ್ಲೋರಿನ್ ಬೆರೆಸಿದರು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿ ಇಡೀ ಊರಿನ ನೀರಿಗೆ ದಿನನಿತ್ಯ ಬೆರೆಸೋಕೆ ಶುರುಮಾಡಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ನೀರಿನ ಗಾಡಿಗಳಿಗೆ ಬ್ಲೀಚಿಂಗ್ ಪೌಡರ್ ಬಿತ್ತು. 1917ರ ಹೊತ್ತಿಗೆ ಹಾಲಜೋನ್ ಅನ್ನೋ ಮಾತ್ರೆ ಬಂತು, ಸೈನಿಕ ತನ್ನ ಬಾಟಲಿಗೇ ಹಾಕಿಕೊಂಡು ಕುಡಿಯಬಹುದಾಗಿತ್ತು. ಇವತ್ತು ಚಾರಣಕ್ಕೆ ಹೋಗೋರು ಬ್ಯಾಗಿನಲ್ಲಿ ಇಟ್ಟುಕೊಳ್ಳೋ ಕ್ಲೋರಿನ್ ಮಾತ್ರೆ ಆ ಮಾತ್ರೆಯ ಮೊಮ್ಮಗ ಇದ್ದ ಹಾಗೆ.

ಈಗ 1927ಕ್ಕೆ ಬನ್ನಿ. ಜೆರ್ಸಿ ಸಿಟಿ ನೀರಿಗೆ ಕ್ಲೋರಿನ್ ಹಾಕಿ 19 ವರ್ಷ ಆಗಿತ್ತು.

ಕೊಂಕಣದ ಮಹಾಡದಲ್ಲಿ ಚವದಾರ್ ಕೆರೆ. ಸಾರ್ವಜನಿಕ ಕೆರೆ, ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲೇ ಎಸ್.ಕೆ. ಬೋಲೆಯವರ ಠರಾವು ಬಾಂಬೆ ಶಾಸನಸಭೆಯಲ್ಲಿ ಪಾಸಾಗಿತ್ತು. ಮಹಾಡ ಮುನಿಸಿಪಾಲಿಟಿಯೂ 1924ರಲ್ಲಿ ಒಪ್ಪಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. ದನ ಕುಡೀತಿತ್ತು, ಬೇರೆ ಧರ್ಮದವರು ಕುಡೀತಿದ್ದರು, ನಮ್ಮವರು ಮಾತ್ರ ಹತ್ತಿರ ಹೋಗೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಮಾವೇಶಕ್ಕೆ ಬಂದ ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಅಷ್ಟೇ. ಆಮೇಲೆ ವೀರೇಶ್ವರ ದೇವಸ್ಥಾನಕ್ಕೆ ನುಗ್ತಾರಂತೆ ಅಂತ ಗಾಳಿಸುದ್ದಿ ಹಬ್ಬಿಸಿ, ಊಟ ಮಾಡ್ತಿದ್ದವರ ಮೇಲೆ, ಊರಿಗೆ ಹೊರಟವರ ಮೇಲೆ ದೊಣ್ಣೆ ಬೀಸಿದರು.

ಅದಾದ ಮೇಲೆ ಸನಾತನಿಗಳು ಕೆರೆ 'ಶುದ್ಧ' ಮಾಡಿದರು. ಹೇಗೆ? 108 ಮಡಕೆ. ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿ, ಮಂತ್ರ ಹೇಳುತ್ತಾ ಕೆರೆಗೆ.

ಇಲ್ಲಿ ಸ್ವಲ್ಪ ನಿಲ್ಲಿ. ಕುಡಿಯೋ ನೀರು ಸರಿ ಇದೆಯಾ ಅಂತ ಇವತ್ತು ಯಾವ ಲ್ಯಾಬಿಗೆ ಕೊಟ್ಟರೂ ಮೊದಲು ಹುಡುಕೋದು ಏನನ್ನ? ಮನುಷ್ಯರ, ಪ್ರಾಣಿಗಳ ಕರುಳಲ್ಲಿ ಇರೋ ಇ-ಕೋಲಿ ಬ್ಯಾಕ್ಟೀರಿಯಾವನ್ನ. ಅದು ಸಿಕ್ಕರೆ ನೀರಿಗೆ ಮಲ ಸೇರಿದೆ ಅಂತ ಅರ್ಥ, ಕುಡೀಬೇಡಿ ಅಂತ ಬರೆದು ಕೊಡ್ತಾರೆ. ಮನುಷ್ಯರ ಬೊಗಸೆ ಮುಟ್ಟಿದ ನೀರನ್ನ ಸಗಣಿ ಹಾಕಿ ಶುದ್ಧ ಮಾಡಿದರು! ಹೆಸರು ಹೇಳಿದರೆ ನೀರು ತಿಳಿಯಾಗಲ್ಲ ಅಂತ ಅವರ ಮನುವಿಗೇ ಗೊತ್ತಿತ್ತಲ್ಲ. ಇವರು ಮಂತ್ರ ಹೇಳಿ ಸಾಕು ಅಂದರು. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟಿದ್ದು ಯಾಕೆ ಅಂತ ಇನ್ನೂ ಕೇಳೋರಿಗೆ ಈ 108 ಮಡಕೆ ಲೆಕ್ಕ ಹೇಳಿ.

ಚವದಾರ್ ಕೆರೆ ನೀರು ಕುಡಿಯದಿದ್ದರೆ ನಾವೇನೂ ಸಾಯಲ್ಲ, ನಾವೂ ಮನುಷ್ಯರು ಅಂತ ಸ್ಥಾಪಿಸೋಕೆ ಹೋಗ್ತಿದ್ದೇವೆ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಡಿಸೆಂಬರ್ ಸಮಾವೇಶದಲ್ಲಿ ಮಾತಾಡಿದರು. ಕೋರ್ಟಿನಲ್ಲಿ ಹತ್ತು ವರ್ಷ ನಡೆದು, 1937ರ ಮಾರ್ಚ್ 17ಕ್ಕೆ ಬಾಂಬೆ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇಷ್ಟೂ ಪುಸ್ತಕದ ಚರಿತ್ರೆ. ಈಗ ನನ್ನ ಕೇರಿಯ ಚರಿತ್ರೆ ಹೇಳ್ತೀನಿ.

ನಮ್ಮೂರಲ್ಲಿ ಎರಡು ಬಾವಿ. ಊರ ಬಾವಿ, ಕೇರಿ ಬಾವಿ. ಕೇರಿ ಬಾವಿ ತಗ್ಗಿನಲ್ಲಿ. ಮಳೆ ಬಂದರೆ ಊರಿನ ತಿಪ್ಪೆ ತೊಳೆದ ನೀರೆಲ್ಲ ಆ ಕಡೆಗೇ. ಅಜ್ಜಿ ಹಳೇ ಹತ್ತಿ ಸೀರೆ ಹರಿದು, ಮಡಿಕೆ ಮೇಲೆ ಮಡಿಕೆ ಹಾಕಿ ಬಿಂದಿಗೆ ಬಾಯಿಗೆ ಕಟ್ಟಿ ಸೋಸೋಳು. ಒಂದು ದಿನವೂ ತಪ್ಪಿಸಿದವಳಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದಲ್ಲಿ ವಾಂತಿ-ಭೇದಿ ಬಂತು. ಬ್ಲೀಚಿಂಗ್ ಪೌಡರ್ ಹಾಕೋಕೆ ಒಬ್ಬರು ಸೈಕಲ್ಲಿನಲ್ಲಿ ಬಂದರು. ಊರ ಬಾವಿಗೆ ತಾವೇ ಅಳೆದು, ಕಲಸಿ, ಹಾಕಿದರು. ಕೇರಿಗೆ ಬರಲಿಲ್ಲ. ಕೇರಿ ಬಾಯಲ್ಲಿದ್ದ ಕಲ್ಲಿನ ಮೇಲೆ ಒಂದು ಪೊಟ್ಟಣ ಇಟ್ಟು, "ನೀವೇ ಹಾಕ್ಕಳಿ" ಅಂತ ಕೂಗಿ ಹೋದರು.

ಎಷ್ಟು ಹಾಕಬೇಕು? ಹೇಗೆ ಹಾಕಬೇಕು? ಹಾಕಿದ ಮೇಲೆ ಎಷ್ಟು ಹೊತ್ತು ಬಿಡಬೇಕು? ಯಾರಿಗೂ ಗೊತ್ತಿರಲಿಲ್ಲ. ವಿಷ ಇರಬಹುದು ಅಂತ ಕೆಲವರು ಹೆದರಿದರು. ಹೆದರಿಕೆಗೆ ಕಾರಣವೂ ಇತ್ತು, ನಮಗೆ ಒಳ್ಳೇದಾಗಲಿ ಅಂತ ಆ ಕಡೆಯಿಂದ ಏನು ತಾನೇ ಬಂದಿತ್ತು? ಪೊಟ್ಟಣ ಬಾಯಿ ತೆರೆದುಕೊಂಡು ಯಾರದೋ ಜಗಲಿಯಲ್ಲಿ ವಾರಗಟ್ಟಲೆ ಬಿದ್ದಿತ್ತು. ತೇವ ಹಿಡಿದು ಗಟ್ಟಿಯಾಯಿತು. ಆ ಮಳೆಗಾಲ ಕೇರಿಯಲ್ಲಿ ಎರಡು ಜೀವ ಹೋಯಿತು. ಒಂದು, ನನ್ನ ತಂಗಿ. ನಾಲ್ಕು ವರ್ಷ. ಅಜ್ಜಿ ಸಾಯೋತನಕ ಒಂದೇ ಮಾತು ಹೇಳೋಳು: "ನಾನು ಸೋಸೇ ಕೊಟ್ಟಿದ್ದೆ ಕಣಪ್ಪಾ."

ಎಷ್ಟೋ ವರ್ಷ ಆದ ಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ರೀಟಾ ಕೋಲ್ವೆಲ್ ಅನ್ನೋ ವಿಜ್ಞಾನಿ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಾಡಿದ್ದು, ಪ್ರಕಟ ಆಗಿದ್ದು 2003ರಲ್ಲಿ. ಹಳೇ ಹತ್ತಿ ಸೀರೆಯನ್ನ ಕನಿಷ್ಠ ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾಗಿತ್ತು. ಕಾಲರಾ ಜೀವಾಣು ನೀರಿನ ಸಣ್ಣ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತೆ, ಆ ಹುಳುಗಳು ಬಟ್ಟೆಯಲ್ಲಿ ಸಿಕ್ಕಿಬೀಳ್ತವೆ. ಹೊಸ ಸೀರೆಗಿಂತ ಒಗೆದು ಒಗೆದು ನೂಲು ಬಿಟ್ಟ ಹಳೇ ಸೀರೆಯೇ ಒಳ್ಳೇದು, ಅದರ ಕಣ್ಣು ಸಣ್ಣದು.

ಓದಿ ಸುಮ್ಮನೆ ಕೂತೆ. ಅಜ್ಜಿ ತಪ್ಪು ಮಾಡಿರಲಿಲ್ಲ. ಬಟ್ಟೆಯಿಂದ ಆಗೋದಷ್ಟನ್ನ ಮಾಡಿದ್ದಳು. ಬಿಡಿಬಿಡಿಯಾಗಿ ತೇಲೋ ಜೀವಾಣುವನ್ನ, ವೈರಸ್ಸನ್ನ ಬಟ್ಟೆ ತಡೆಯಲ್ಲ. ಅದನ್ನ ಕೊಲ್ಲೋದು ಆ ಪೊಟ್ಟಣದಲ್ಲಿತ್ತು. ಒಳ್ಳೇ ಬ್ಲೀಚಿಂಗ್ ಪೌಡರ್ ಆದರೆ 1,000 ಲೀಟರ್ ಬಾವಿ ನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಮೊದಲು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರೋಕೆ ಬಿಟ್ಟು, ಮೇಲಿನ ತಿಳಿಯನ್ನ ಬಾವಿಗೆ ಬಿಟ್ಟು ಕಲಕಬೇಕು. ಒಂದು ಗಂಟೆ ಯಾರೂ ಸೇದಬಾರದು. ಪೊಟ್ಟಣ ತೆರೆದಿಟ್ಟರೆ ಅದರ ಶಕ್ತಿಯೆಲ್ಲ ಗಾಳಿಗೆ ಹೋಗುತ್ತೆ. ಐದು ನಿಮಿಷದಲ್ಲಿ ಹೇಳೋ ಮಾತು ಇದು. ಕೇರಿಯೊಳಗೆ ಕಾಲಿಡಬೇಕಾಗಿತ್ತು, ಅಷ್ಟೇ.

ಇನ್ನೊಂದು ಮಾತೂ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕೋ ಸಲೈನ್ ಖಾಲಿಯಾದಾಗ, ದಿಲೀಪ್ ಮಹಲನಬಿಸ್ ಅನ್ನೋ ವೈದ್ಯರು ಗ್ಲೂಕೋಸು, ಉಪ್ಪು ಕಲಸಿದ ನೀರನ್ನ ಕುಡಿಸಿ ಸಾವಿರಾರು ಜನರನ್ನ ಉಳಿಸಿದರು. ನನ್ನ ತಂಗಿ ಸತ್ತಿದ್ದು ಅದಾದ ಮೇಲೆಯೇ. ಉಪ್ಪು ಸಕ್ಕರೆ ನೀರು ಕುಡಿಸಿ ಅಂತ ಹೇಳೋಕೂ ಯಾರೂ ಬರಲಿಲ್ಲ. ಭೇದಿ ಆಗೋ ಮಗುವಿಗೆ ನೀರು ಕೊಡಬಾರದು ಅಂತ ನಾವೇ ನಂಬಿದ್ವಿ.

ಆಮೇಲೆ 2009ರ ಅಕ್ಟೋಬರ್. ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ. ನಾವು ಒಂದಷ್ಟು ಗೆಳೆಯರು ಅಕ್ಕಿ, ಬಟ್ಟೆ ತುಂಬಿಕೊಂಡು ಹೋದ್ವಿ. ಸುತ್ತ ನೀರೋ ನೀರು, ಕುಡಿಯೋಕೆ ಮಾತ್ರ ಇಲ್ಲ. ಒಂದು ಶಿಬಿರದಲ್ಲಿ ಟ್ಯಾಂಕರ್ ಬಂತು. ಎಲ್ಲರೂ ಮನೆ ಕಳಕೊಂಡವರು, ಎಲ್ಲರೂ ಒಂದೇ ಶಾಲೆ ಕಟ್ಟಡದಲ್ಲಿ. ಆದರೂ ಸಾಲು ಎರಡಾಯಿತು. ಯಾರೂ ಹೇಳಲಿಲ್ಲ, ತಾನಾಗೇ ಆಯಿತು. ನಮ್ಮವರ ಸಾಲಿನ ಹೊತ್ತಿಗೆ ಟ್ಯಾಂಕರಿನ ತಳದ ರಾಡಿ. ನಾನು ಜಗಳ ತೆಗೆದೆ. ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು ಅಂದಳು: "ಬಿಡ್ರಿ ಅಣ್ಣಾರ, ನೀವು ನಾಳೆ ಹೋಗ್ತೀರಿ, ನಾವು ಇಲ್ಲೇ ಇರ್ಬೇಕ್ರೀ."

ಅಲ್ಲಿ ಕ್ಲೋರಿನ್ ಮಾತ್ರೆಯನ್ನೂ ಹಂಚಿದ್ದರು. ಚೀಟಿಯಲ್ಲಿ ಇದ್ದದ್ದು ಇಂಗ್ಲಿಷ್ ಮಾತ್ರ. ಒಬ್ಬ ಅಜ್ಜಿ ಜ್ವರದ ಗುಳಿಗೆ ಅಂತ ನುಂಗೋಕೆ ಹೊರಟಿದ್ದಳು, ಓಡಿಹೋಗಿ ತಡೆದೆ. ಇನ್ನೊಬ್ಬರು 20 ಲೀಟರಿನ ಮಾತ್ರೆಯನ್ನ ಒಂದು ಚೆಂಬಿಗೆ ಹಾಕಿ, ವಾಸನೆಗೆ ಚೆಲ್ಲಿಬಿಟ್ಟಿದ್ದರು. ನನಗೆ ಮತ್ತೆ ಆ ಕಲ್ಲಿನ ಮೇಲಿನ ಪೊಟ್ಟಣ ನೆನಪಾಯಿತು. ಆ ರಾತ್ರಿ ಕೂತು, ಚೀಟಿ ಓದಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ವಿ. ಓದೋಕೆ ಬಾರದವರಿಗೆ ಕೊಡದ ಚಿತ್ರ, ಮಾತ್ರೆಯ ಚಿತ್ರ, ಅರ್ಧ ಗಂಟೆ ತೋರಿಸೋ ಗಡಿಯಾರ. ನನ್ನ ಜೀವನದಲ್ಲಿ ಬರೆದ ಒಳ್ಳೇ ಕರಪತ್ರ ಅದೇ ಅಂತ ಈಗಲೂ ಅನ್ನಿಸುತ್ತೆ.

ಇದೆಲ್ಲ ಹಳೇ ಕತೆ ಅನ್ನೋರಿಗೆ ಮೂರು ಸುದ್ದಿ. 2004ರ ಸುನಾಮಿ ಆದ ಮೇಲೆ ನಾಗಪಟ್ಟಿಣಂ ಕಡೆ ಪರಿಹಾರ ಶಿಬಿರಗಳಲ್ಲಿ ದಲಿತರಿಗೆ ನೀರಿನ ಟ್ಯಾಂಕ್ ಮುಟ್ಟೋಕೆ ಬಿಡಲಿಲ್ಲ ಅಂತ ವರದಿಗಳಾದವು. 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ, ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಿಂದ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ ಗಂಜಲದಿಂದ ತೊಳೆದರು ಅಂತ ಸುದ್ದಿ ಬಂತು. ಆಮೇಲೆ ಅಧಿಕಾರಿಗಳು ಬಂದು ನಮ್ಮವರನ್ನ ಕರಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಮಹಾಡ ಆಗಿ 95 ವರ್ಷ! ಮರು ತಿಂಗಳೇ ತಮಿಳುನಾಡಿನ ವೆಂಗೈವಯಲ್‌ನಲ್ಲಿ, ದಲಿತರ ಕಾಲೊನಿಗೆ ನೀರು ಕೊಡೋ ಓವರ್‌ಹೆಡ್ ಟ್ಯಾಂಕಿನಲ್ಲಿ ಮನುಷ್ಯರ ಮಲ ಸಿಕ್ಕಿತು. ಮಕ್ಕಳು ಕಾಯಿಲೆ ಬಿದ್ದ ಮೇಲೆ ಗೊತ್ತಾಯಿತು. ಪರಿಶಿಷ್ಟರು ಬಳಸೋ ನೀರನ್ನ ಕೆಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಬಾವಿ, ಕೆರೆ ಬಳಸೋಕೆ ಜಾತಿ ಕಾರಣಕ್ಕೆ ಅಡ್ಡಿ ಮಾಡಬಾರದು ಅಂತ ಸಂವಿಧಾನದ 15ನೇ ವಿಧಿಯಲ್ಲೇ ಇದೆ.

ಹಾಗಾಗಿ ನನ್ನ ಮಾತು ಇಷ್ಟು. ನೀರಿನ ಹಕ್ಕಿಗೆ ನಾವು ಹೋರಾಡಿದ್ದೇವೆ, ಹೋರಾಡ್ತೇವೆ. ಆದರೆ ನೀರಿನ ವಿಜ್ಞಾನವನ್ನೂ ಕೈಗೆ ತಗೊಳ್ಳಬೇಕು. ಅದನ್ನ ಯಾರೋ ಕಲ್ಲಿನ ಮೇಲೆ ಇಟ್ಟು ಹೋಗೋವರೆಗೂ ಕಾಯೋದು ಬೇಡ. ನೆರೆ ಬಂದಾಗ, ಪಾದಯಾತ್ರೆ ಹೋದಾಗ, ಬೆಟ್ಟ ಹತ್ತಿದಾಗ ನೆನಪಿರಬೇಕಾದ್ದು ಇದು:

1. ಬಗ್ಗಡ ಇದ್ದರೆ ಮೊದಲು ತಿಳಿಯಾಗೋಕೆ ಬಿಡಿ. ಆಮೇಲೆ ಹಳೇ ಹತ್ತಿ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ. ಇದು ಮೊದಲ ಹೆಜ್ಜೆ ಮಾತ್ರ, ಇಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಮನೆಯಲ್ಲಿ ಆದದ್ದು ಅದೇ.

2. ಕುದಿಸೋದು ಎಲ್ಲಕ್ಕಿಂತ ನಂಬಿಕೆಯ ದಾರಿ. ಗುಳ್ಳೆ ಏಳುತ್ತಾ ತಳಮಳ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ. 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯೋದರಿಂದ ಮೂರು ನಿಮಿಷ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರು. ಹಾಗಾಗಿ ಕರ್ನಾಟಕದಲ್ಲಿ ಎಲ್ಲೇ ಇದ್ದರೂ ಒಂದು ನಿಮಿಷ ಸಾಕು, ಹಿಮಾಲಯಕ್ಕೆ ಹೋದರೆ ಮೂರು.

3. ಸೌದೆ, ಗ್ಯಾಸು ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಪ್ಯಾಕೆಟ್ ಮೇಲೆ ನೋಡಿ. ಹಾಕಿ ಅರ್ಧ ಗಂಟೆ ಕಾಯಿರಿ. ಸ್ವಲ್ಪ ವಾಸನೆ ಬಂದರೆ ಹೆದರಬೇಡಿ. ನುಂಗಬೇಡಿ, ಮಕ್ಕಳ ಕೈಗೆ ಕೊಡಬೇಡಿ.

4. ಮಾತ್ರೆಯೂ ಇಲ್ಲ ಅಂದರೆ ಬಿಸಿಲು. 1980ರ ದಶಕದಲ್ಲಿ ಬೈರೂತಿನಲ್ಲಿ ಅಕ್ರಾ ಅನ್ನೋ ವಿಜ್ಞಾನಿ ತೋರಿಸಿಕೊಟ್ಟ ವಿಧಾನ. ಬಣ್ಣವಿಲ್ಲದ, ಎರಡು ಲೀಟರ್ ಮೀರದ ಪ್ಲಾಸ್ಟಿಕ್ ಬಾಟಲಿಗೆ ತಿಳಿ ನೀರು ತುಂಬಿ ಚುರುಕು ಬಿಸಿಲಿನಲ್ಲಿ ಆರು ಗಂಟೆ ಮಲಗಿಸಿ ಇಡಿ. ಮೋಡ ಇದ್ದರೆ ಎರಡು ದಿನ.

5. ಇವ್ಯಾವುವೂ ಫ್ಲೋರೈಡ್ ತೆಗೆಯಲ್ಲ. ಕೋಲಾರ, ಪಾವಗಡ ಕಡೆಯ ಬೋರ್‌ವೆಲ್ ನೀರನ್ನ ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಕಾರ್ಖಾನೆ ವಿಷ, ಕೀಟನಾಶಕಕ್ಕೂ ಇದೇ ಮಾತು. ಅಲ್ಲಿ ಬೇರೆ ನೀರೇ ಬೇಕು, ಅದನ್ನ ಸರ್ಕಾರದ ಹತ್ತಿರ ಜಗಳ ಮಾಡಿ ತಗೋಬೇಕು.

6. ಭೇದಿ ಶುರುವಾದರೆ ಒಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ. ಗುಟುಕು ಗುಟುಕಾಗಿ ಕುಡಿಸ್ತಾ ಆಸ್ಪತ್ರೆಗೆ ಹೊರಡಿ. ನೀರು ನಿಲ್ಲಿಸಬೇಡಿ.

ಬೆಟ್ಟಕ್ಕೆ ಹೋದ ಹುಡುಗರು ವಾಪಸ್ ಬಂದರು. ತೊರೆಯ ನೀರನ್ನ ಟವೆಲ್ಲಿನಲ್ಲಿ ಸೋಸಿ, ಕುದಿಸಿ, ಅದರಲ್ಲೇ ಟೀ ಮಾಡಿಕೊಂಡರಂತೆ. ಅಲ್ಲಿಗೆ ಬಂದಿದ್ದ ಬೇರೆ ಯಾರೋ ಅಪರಿಚಿತರೂ ನೀರು ಕೇಳಿ ಕುಡಿದರಂತೆ. "ಅವರು ನಮ್ಮ ಜಾತಿ ಕೇಳಲಿಲ್ಲ ಅಣ್ಣಾ, ಕುದಿಸಿದ್ದೀರಾ ಅಂತ ಮಾತ್ರ ಕೇಳಿದ್ರು" ಅಂದ.

ನಾನು ಫೋನ್ ಇಟ್ಟು, ತಂಗಿ ಹೆಸರು ಒಂದು ಸಲ ಹೇಳಿಕೊಂಡೆ.

ನಿಮ್ಮ ಕೇರಿಯ ಬಾವಿಯ ಕತೆ ನಿಮಗೂ ಇರುತ್ತೆ. ಬರೆಯಿರಿ. ಮೇಲಿನ ಆರು ಅಂಶಗಳನ್ನ ನಕಲು ಮಾಡಿ, ಹಾಸ್ಟೆಲ್ ಗೋಡೆಗೆ, ಅಂಗನವಾಡಿಗೆ, ಸಂಘದ ಆಫೀಸಿಗೆ ಅಂಟಿಸಿ. ನನ್ನ ಹೆಸರು ಹಾಕೋದು ಬೇಡ.

ಜೈ ಭೀಮ್.